ಮೂರು ಎಳನೀರು

ನನ್ನ ಗಂಡ ಸತ್ತಾಗ ನಾನು ಊರವರಿಗೆ ಸಾಕಾಗುವಷ್ಟು ಅಳಲಿಲ್ಲ. ಅದು ಅವರ ದೂರು. ಹೆಣದ ಮುಂದೆ ಕೂತು ಎದೆ ಬಡಿದುಕೊಳ್ಳಲಿಲ್ಲ, ರಾಗ ಎಳೆದು ಹಾಡಿಕೊಂಡು ಅಳಲಿಲ್ಲ, ಬಂದವರ ಕೊರಳಿಗೆ ಬಿದ್ದು ಗೋಳಾಡಲಿಲ್ಲ. "ಕಲ್ಲು ಮನ್ಸು ಕಣಮ್ಮಿ ಇವ್ಳದು" ಅಂತ ಪಕ್ಕದ ಬೀದಿಯವಳೊಬ್ಬಳು ನನ್ನ ಬೆನ್ನ ಹಿಂದೆಯೇ, ನನಗೆ ಕೇಳುವ ಹಾಗೆಯೇ ಹೇಳಿದಳು. ಹೇಳಲಿ. ಎರಡೂವರೆ ವರ್ಷ ದಿನಾ ಅತ್ತವಳು ನಾನು. ಜನ ನೋಡಲು ಬಂದ ದಿನಕ್ಕೆ ಅಂತ ಕಣ್ಣೀರು ಎತ್ತಿಡಲು ನನಗೆ ಹೊಳೆದಿರಲಿಲ್ಲ.

ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ಬದುಕಿರುವವರೆಗೂ ಗಂಡನಿಗೆ ಬಹುವಚನ ಕೊಟ್ಟವಳು ನಾನು. ಬನ್ನಿ, ಹೋಗಿ ಅಂದವಳು. ಈಗ ಅವನು ಅನ್ನುತ್ತೇನೆ. ಸಿಟ್ಟು ಇಳಿದ ದಿನ ಮತ್ತೆ ಮರ್ಯಾದೆ ಕೊಡುತ್ತೇನೆ, ಇಳಿದರೆ.

ಸಾತನೂರಿನಿಂದ ಒಳಕ್ಕೆ ಮೂರು ಮೈಲಿ ನಮ್ಮ ಊರು. ನಾನು ಅಂಗನವಾಡಿ ಟೀಚರು. ಅವನು ಒಂದೂವರೆ ಎಕರೆ ಹಿಪ್ಪುನೇರಳೆ, ಎರಡು ಸೀಮೆಹಸು ನೋಡಿಕೊಂಡಿದ್ದ. ಸಕ್ಕರೆ ಕಾಯಿಲೆಯನ್ನು ಹದಿನೈದು ವರ್ಷ "ಏನೂ ಆಗಕ್ಕಿಲ್ಲ ಬುಡು" ಅಂತ ತಳ್ಳಿಕೊಂಡು ಬಂದ. ಕೊನೆಗೆ ಅದು ಎರಡು ಕಿಡ್ನಿಯನ್ನೂ ತಿಂದುಹಾಕಿತು. ಮಂಗಳವಾರ, ಶುಕ್ರವಾರ ರಾಮನಗರದಲ್ಲಿ ಡಯಾಲಿಸಿಸ್. ಬೆಳಗಿನ ಮೊದಲ ಬಸ್ಸಿಗೆ ಕನಕಪುರ, ಅಲ್ಲಿಂದ ಇನ್ನೊಂದು ಬಸ್ಸು. ನಾಲ್ಕು ಗಂಟೆ ಅವನು ಮೆಷಿನ್ನಿಗೆ ತೋಳು ಕೊಟ್ಟು ಮಲಗುತ್ತಿದ್ದ, ನಾನು ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದೆ. ಸೂಜಿ ಚುಚ್ಚಲಿಕ್ಕೆಂದು ಎಡಗೈಯಲ್ಲಿ ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದರು. ಆ ಕೈಯಲ್ಲಿ ನೀರು ತುಂಬಿದ ಚೊಂಬನ್ನೂ ಎತ್ತಬಾರದು ಅಂತ ಡಾಕ್ಟರು ಹೇಳಿದ್ದರು.

ಉಚ್ಚೆ ಹೋಗುವುದು ನಿಂತ ಮನುಷ್ಯ ನೀರು ಕುಡಿಯುವ ಹಾಗಿಲ್ಲ. ಕುಡಿದದ್ದೆಲ್ಲ ಒಳಗೇ ನಿಂತುಕೊಳ್ಳುತ್ತದೆ. ಮೊದಲು ಕಾಲು ಊದುತ್ತದೆ, ಆಮೇಲೆ ಮುಖ, ಆಮೇಲೆ ಉಸಿರು ಕಟ್ಟುತ್ತದೆ. ದಿನಕ್ಕೆ ಮುಕ್ಕಾಲು ಲೀಟರು ಅಂದಿದ್ದರು. ಕಾಫಿ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ. ಒಂದು ಲೀಟರಿನ ಬಾಟಲಿಗೆ ಬ್ಲೇಡಿನಲ್ಲಿ ಗೀರು ಹಾಕಿ, ಬೆಳಗ್ಗೆ ಆ ಗೀರಿನವರೆಗೆ ತುಂಬಿ ಅವನ ಮಂಚದ ಪಕ್ಕ ಇಡುತ್ತಿದ್ದೆ. ಕಾಫಿ ಕೊಟ್ಟರೆ ಅಷ್ಟನ್ನು ಅದರಿಂದ ತೆಗೆದು ಹಸುವಿನ ತೊಟ್ಟಿಗೆ ಸುರಿಯುತ್ತಿದ್ದೆ. ಅವನು ನೋಡುತ್ತಿದ್ದ. ಅವನು ಹಾಗೆ ನೋಡುವುದನ್ನು ನಾನೂ ನೋಡುತ್ತಿದ್ದೆ. ಅವನ ಎದುರಿಗೆ ನೀರು ಕುಡಿಯುವುದನ್ನೇ ಬಿಟ್ಟೆ. ಹಿತ್ತಲಿಗೆ ಹೋಗಿ ಕಳ್ಳಿಯ ಹಾಗೆ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬರುತ್ತಿದ್ದೆ. ಎಳನೀರನ್ನಂತೂ ಎರಡೂವರೆ ವರ್ಷ ನಾಲಿಗೆಗೆ ಸೋಕಿಸಲಿಲ್ಲ.

ಒಂದು ಮಧ್ಯಾಹ್ನ ಅಂಗನವಾಡಿಯಿಂದ ಬಂದಾಗ ಮಂಚದ ಮೇಲೆ ಅವನಿರಲಿಲ್ಲ. ಕೊಟ್ಟಿಗೆಯಲ್ಲಿ ಹಸುವಿನ ತೊಟ್ಟಿಗೆ ಬಾಯಿ ಹಾಕಿ, ಮಂಡಿಯೂರಿ ಕುಡಿಯುತ್ತಿದ್ದ. ಹಿಂಡಿ, ಬೂಸ ತೇಲುತ್ತಿದ್ದ ನೀರು. ನನಗೆ ಏನಾಯಿತೋ, ಅಂಗಿಯ ಕಾಲರಿಗೆ ಕೈ ಹಾಕಿ ಹಿಂದಕ್ಕೆ ಎಳೆದೆ. ಬಿದ್ದ. ಬಿದ್ದಲ್ಲೇ ಅಂಗೈಯಲ್ಲಿ ಉಳಿದಿದ್ದ ನೀರನ್ನು ನೆಕ್ಕಿದ. "ನಾಚ್ಕೆ ಆಗಲ್ವಾ ನಿಮ್ಗೆ?" ಅಂತ ಕಿರುಚಿದೆ. ಬೇಲಿಯಾಚೆ ಮೇವು ಕೊಯ್ಯುತ್ತಿದ್ದವರು ತಲೆ ಎತ್ತಿ ನೋಡಿದರು. ಸಂಜೆಯ ಹೊತ್ತಿಗೆ ಊರಲ್ಲಿ ಸುದ್ದಿ. ಗಂಡನಿಗೆ ನೀರು ಕೊಡದ ಹೆಂಡತಿ, ತೊಟ್ಟಿ ನೀರಿಗೂ ಬಿಡದೆ ಎಳೆದಾಡಿದ ಹೆಂಡತಿ. ಕಾರಣ ಯಾರಿಗೂ ಬೇಕಿರಲಿಲ್ಲ.

ನನ್ನ ಮಾತು ಅರ್ಥವಾಗುತ್ತಿದ್ದದ್ದು ಒಬ್ಬಳಿಗೆ ಮಾತ್ರ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವವರ ಮನೆಯ ಹೆಂಗಸು ಅವಳು. ಅವಳ ಗಂಡನೂ ಅದೇ ಮೆಷಿನ್ನಿನ ಮನುಷ್ಯ. ಬೆಂಚಿನ ಮೇಲೆ ಒತ್ತಿಕೊಂಡು ಕೂತು, "ಎಲ್ರೂ ಕದ್ದು ಕುಡೀತಾರೆ ಅಕ್ಕಾ. ನಮ್ಮೋರು ನಮಾಜಿಗೆ ಮುಂಚೆ ಕೈಕಾಲು ಬಾಯಿ ತೊಳ್ಯೋ ವಜೂ ನೆಪದಲ್ಲಿ ಬಾಯಿ ಮುಕ್ಕಳಿಸಿ ನುಂಗಿಬಿಡ್ತಾರೆ. ಅಲ್ಲಾಗೂ ಮೋಸ, ನಂಗೂ ಮೋಸ" ಅನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದೆವು. ಆ ಬೆಂಚು ಬಿಟ್ಟರೆ ನನಗೆ ನಗಲು ಬೇರೆ ಜಾಗ ಇರಲಿಲ್ಲ.

ತಿನ್ನಬಾರದ ವಸ್ತುಗಳ ಚೀಟಿಯೊಂದನ್ನು ಅಲ್ಲಿ ಕೊಟ್ಟಿದ್ದರು. ದೊಡ್ಡ ಅಕ್ಷರದಲ್ಲಿ ಮತ್ತೆ ಬರೆದು ಗೋಡೆಗೆ ಅಂಟಿಸಿದ್ದೆ. ಉಪ್ಪಿನಕಾಯಿ, ಹಪ್ಪಳ, ಬಾಳೆಹಣ್ಣು, ಟೊಮೇಟೊ, ಆಲೂಗಡ್ಡೆ, ಮಟನ್ ಸಾರು. ಎಲ್ಲಕ್ಕಿಂತ ಮೇಲೆ, ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದು, ಎಳನೀರು. ಅದರಲ್ಲಿರುವ ಪೊಟ್ಯಾಷಿಯಂ ಕಿಡ್ನಿ ಸತ್ತವರ ಮೈಯಿಂದ ಆಚೆ ಹೋಗುವುದಿಲ್ಲ, ನೇರ ಹೃದಯವನ್ನು ನಿಲ್ಲಿಸುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದ್ದರು. ಅವನಿಗೆ ಆ ಚೀಟಿ ಬಾಯಿಪಾಠ. ಮಾಗಡಿ ಕಡೆಯ ಹೊಸಬರೊಬ್ಬರು ಪಕ್ಕದ ಹಾಸಿಗೆಗೆ ಬಂದಾಗ ಇವನೇ ಮೇಷ್ಟ್ರು. "ಏನ್ ಬೇಕಾರೂ ಕದ್ದು ತಿನ್ನಿ ಸ್ವಾಮಿ, ಎಳ್ನೀರು ಮಾತ್ರ ಮುಟ್ಬೇಡಿ. ಮಲ್ಗಿದ್ದೋರು ಮಲ್ಗಿದ್ದಂಗೇ ಹೊಂಟೋಯ್ತೀರಿ" ಅಂದ. ಬಾಗಿಲಲ್ಲಿ ನಿಂತು ನಾನೇ ಕೇಳಿಸಿಕೊಂಡಿದ್ದೇನೆ.

ಆದರೆ ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಬರುವ ಹಾಗಿಲ್ಲ. ಬಂದರೆ ಎಳನೀರೇ. ಜ್ವರಕ್ಕೆ ಎಳನೀರು, ಬೇಧಿಗೆ ಎಳನೀರು, ಹೆರಿಗೆಗೆ ಎಳನೀರು, ಸಾಯುವವನಿಗೂ ಎಳನೀರು. ಬಂದವರನ್ನು ಬಾಗಿಲಲ್ಲೇ ತಡೆದು ವಾಪಸ್ ಕಳಿಸುತ್ತಿದ್ದೆ. "ಎಳ್ನೀರು ತಂಪು ಕಣವ್ವ, ಅದ್ರಿಂದ ಯಾರಾದ್ರೂ ಸತ್ತೌರಾ?" ಅಂತ ಮುಖ ಊದಿಸಿಕೊಂಡು ಹೋಗುತ್ತಿದ್ದರು. ಹೋಗಲಿ ಅಂತ ಬಿಟ್ಟೆ. ಎಷ್ಟು ಜನಕ್ಕೆ ಅಂತ ಕಿಡ್ನಿಯ ಪಾಠ ಮಾಡಲಿ?

ಪಾಠ ಮಾಡದೆ ಬಿಟ್ಟವರಲ್ಲಿ ನನ್ನ ನಾದಿನಿಯೂ ಒಬ್ಬಳು. ಅವನ ಒಬ್ಬಳೇ ತಂಗಿ. ಚನ್ನಪಟ್ಟಣದ ಕಡೆ, ದೊಡ್ಡಮಳೂರಿನ ಹತ್ತಿರ, ತೆಂಗಿನ ತೋಟ ಇರುವ ಮನೆಗೆ ಕೊಟ್ಟಿದ್ದು. ತೊಟ್ಟಿಯ ಸುದ್ದಿ ಅಲ್ಲಿಯವರೆಗೂ ಹೋಗಿ, ಅವಳು ಫೋನಿನಲ್ಲಿ ನನಗೆ ಬಾಯಿಗೆ ಬಂದಂತೆ ಅಂದಿದ್ದಳು. ಅವತ್ತಿನಿಂದ ಮಾತು ಬಿಟ್ಟಿದ್ದೆ. ಚೀಟಿ ಗೋಡೆಯ ಮೇಲೆ ಇದೆಯಲ್ಲ, ಬಂದರೆ ನೋಡಿಕೊಳ್ಳುತ್ತಾಳೆ ಅಂದುಕೊಂಡೆ. ಅವಳಿಗೆ ಓದಲು ಬರುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ಗೊತ್ತಿರುವ ವಿಷಯ. ಊರ ಮಕ್ಕಳಿಗೆಲ್ಲ ಅಆಇಈ ತೀಡಿಸುವ ನನಗೆ ಅದು ಮರೆತುಹೋಗಿತ್ತು.

ಅವತ್ತು ಸೋಮವಾರ. ಯುಗಾದಿ ಕಳೆದ ಬಿಸಿಲು. ನನಗೆ ಕನಕಪುರದಲ್ಲಿ ಮೀಟಿಂಗ್ ಇತ್ತು. ಸಂಜೆ ಬಂದಾಗ ಅವನು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮುಖದಲ್ಲಿ ಒಂದು ಗೆಲುವು. "ಮಳೂರಿನೋಳು ಬಂದಿದ್ಲು. ಬಸ್ ತಪ್ಪೋಯ್ತದೆ ಅಂತ ಹೊಂಟೋದ್ಲು" ಅಂದ. ಅಷ್ಟೇ ಅಂದಿದ್ದು. ನಾನೂ ಕೇಳಲಿಲ್ಲ. ಅವತ್ತು ರಾತ್ರಿಯ ಊಟಕ್ಕೆ ಅವನು ನೀರು ಕೇಳಲಿಲ್ಲ. ಬಾಟಲಿ ಎತ್ತಿ ನೋಡಿದರೆ ಅರ್ಧ ಹಾಗೇ ಇದೆ. ಎರಡೂವರೆ ವರ್ಷದಲ್ಲಿ ಒಂದು ದಿನವೂ ಉಳಿದದ್ದಿಲ್ಲ. "ನೋಡಿ, ಮನ್ಸು ಮಾಡುದ್ರೆ ಆಯ್ತದೆ. ಹಿಂಗೇ ಇದ್ದುಬುಡಿ" ಅಂತ ಹೊಗಳಿದೆ. ಹೌದು, ಹೊಗಳಿದೆ. ಅವನು ತಲೆ ಆಡಿಸಿದ.

ಬೆಳಗ್ಗೆ ಮೊದಲ ಬಸ್ಸಿಗೆ ಎಬ್ಬಿಸಲು ಹೋದೆ. ಏಳಲಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಎರಡೂವರೆ ವರ್ಷ ಒಂದು ದಿನವೂ ನನ್ನ ಬದಲು ಆ ಬೆಂಚಿನ ಮೇಲೆ ಕೂರದ ನೆಂಟರೆಲ್ಲ ಬಂದರು. ಹೆಣದ ಬಾಯಿಗೆ ನೀರು ಬಿಡುವ ಶಾಸ್ತ್ರ ಇದೆಯಲ್ಲ, ಒಬ್ಬೊಬ್ಬರಾಗಿ ಬಿಟ್ಟರು. ತುಳಸಿ ಅದ್ದಿ, ಚಮಚದಲ್ಲಿ, ಧಾರಾಳವಾಗಿ. ತುಟಿಯಿಂದ ಇಳಿದು ಕಿವಿಯ ಹಿಂದೆ ಹರಿದು ಚಾಪೆ ಒದ್ದೆಯಾಯಿತು. ನಾದಿನಿ ಬಂದವಳೇ ಚೊಂಬನ್ನೇ ಎತ್ತಿಕೊಂಡಳು. "ಈಗ್ಲಾದ್ರೂ ಹೊಟ್ಟೆ ತುಂಬ ಕುಡಿ ನನ್ನಣ್ಣಯ್ಯ, ಈಗ ನಿನ್ನ ಯಾರೂ ತಡ್ಯಾಕಿಲ್ಲ!" ಅಂತ ನನ್ನ ಕಡೆಗೇ ನೋಡಿ ಅತ್ತಳು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಸರದಿ ಬಂದಾಗ ನಾನು ಬಿಡಲಿಲ್ಲ. ಕೈ ಮುಂದೆ ಹೋಗಲಿಲ್ಲ. ಅದೂ ಒಂದು ದೂರು.

ಮೂರನೇ ದಿನ ಕೊಟ್ಟಿಗೆ ಗುಡಿಸುವಾಗ, ತಿಪ್ಪೆಯ ಪಕ್ಕ ಸೊಪ್ಪಿನ ಕಡ್ಡಿಗಳ ಕೆಳಗೆ, ಎಳನೀರಿನ ಬುರುಡೆ ಸಿಕ್ಕಿದವು. ಮೂರು. ಒಂದನ್ನು ತೋಟದವರು ಕೆತ್ತುವ ಹಾಗೆ ಮೂರೇ ಏಟಿಗೆ ಒಪ್ಪವಾಗಿ ಕೆತ್ತಿದ್ದರು. ಇನ್ನೆರಡು ಕಂಡಕಂಡ ಕಡೆ ಕಚ್ಚು ಬಿದ್ದು, ನಾರು ಎದ್ದು, ಮಕ್ಕಳು ಕಡಿದ ಹಾಗಿದ್ದವು. ಮಚ್ಚು ತನ್ನ ಜಾಗದಲ್ಲಿರಲಿಲ್ಲ, ಕಲ್ಲಿನ ಮೇಲೆ ಬಿದ್ದಿತ್ತು. ನನಗೆ ಇದೆಲ್ಲ ಕಂಡಿತು, ತಲೆಗೆ ಹೋಗಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ ಮಾತು: ಮೂರು! ಮೂರು ಕುಡಿಸಿದ್ದಾಳೆ ಬೇವರ್ಸಿ!

ಹನ್ನೊಂದನೇ ದಿನದ ಊಟದ ಪಂಕ್ತಿಯಲ್ಲಿ ಅವಳೇ ಬಾಯಿಬಿಟ್ಟಳು. ಅಳುತ್ತಾ, ಹೆಮ್ಮೆಯಿಂದ. "ನಾನೇ ನನ್ ಕೈಯಾರ ಎಳ್ನೀರು ಕುಡ್ಸಿದೆ ಕಣಕ್ಕ. ಕರ ಕುಡ್ದಂಗೆ ಕುಡ್ದ. ತೃಪ್ತಿಯಾಗಿ ಹೋದ ನನ್ನಣ್ಣ. ನಾನು ಹೋಗಿರ್ನಿಲ್ಲ ಅಂದ್ರೆ ಒಣಗಿದ ಬಾಯ್ಲೇ ಸಾಯ್ತಿದ್ದ." ಹೆಂಗಸರು ಅವಳ ಬೆನ್ನು ಸವರಿದರು. ಪುಣ್ಯ ಕಟ್ಟಿಕೊಂಡೆ ಕಣವ್ವ ಅಂದರು. ನಾನು ಸಾರಿನ ಬಕೆಟ್ಟು ಹಿಡಿದು ನಿಂತಿದ್ದೆ. ಆ ಬಿಸಿ ಸಾರನ್ನು ಅವಳ ತಲೆಯ ಮೇಲೆ ಸುರಿಯಬೇಕು ಅನ್ನಿಸಿದ್ದು ನಿಜ, ಅದರಲ್ಲಿ ಮುಚ್ಚುಮರೆ ಏನು. ಮಾಗಡಿಗೆ ಮದುವೆ ಮಾಡಿಕೊಟ್ಟಿದ್ದ ಮಗಳು ಬಂದು ಬಕೆಟ್ಟು ಇಸಿದುಕೊಂಡಳು.

ಅವತ್ತಿನಿಂದ ಒಂದು ಮಾತು ನನ್ನ ಬಾಯಲ್ಲಿ ಕೂತಿತು. "ನಿನ್ನಣ್ಣನ ಕೊಂದಿದ್ದು ನಿನ್ನ ಎಳನೀರು ಕಣೇ." ಅಷ್ಟೇ ಮಾತು. ಬಿಸಿತುಪ್ಪದ ಹಾಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಫೋನಿನಲ್ಲಿ ಹೇಳಿದರೆ ಅವಳ ಮುಖ ನೋಡುವ ಸುಖ ತಪ್ಪುತ್ತದೆ ಅಂತ ಕಾದೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಲು ಬೆರೆಸುವಾಗ, ಬಸ್ಸಿನಲ್ಲಿ, ಹಸು ಕರೆಯುವಾಗ ಅದನ್ನೇ ಹೇಳಿಕೊಂಡು ಓಡಾಡಿದೆ. ಎಲ್ಲಿ ನಿಂತು ಹೇಳಬೇಕು, ಯಾರ ಎದುರಿಗೆ ಹೇಳಬೇಕು, ಅವಳು ಎದೆ ಒಡೆದುಕೊಂಡು ಬಿದ್ದರೆ ಎತ್ತಬೇಕೋ ಬೇಡವೋ ಎಲ್ಲ ಯೋಚಿಸಿದ್ದೆ. ಎತ್ತಬಾರದು ಅಂತ ತೀರ್ಮಾನ ಮಾಡಿದ್ದೆ.

ಧೈರ್ಯ ಹೇಳಲು ಬಂದವರಿಗೂ ಕಡಿಮೆ ಮಾಡಲಿಲ್ಲ. "ಹೋದೋರು ಪುಣ್ಯವಂತ್ರು, ಇರೋರು ಇರ್ಬೇಕಲ್ಲ" ಅಂದವನಿಗೆ "ನೀನೂ ಪುಣ್ಯವಂತ ಆಗು, ಯಾರು ಬೇಡ ಅಂದ್ರು?" ಅಂದೆ. ನಿನಗೂ ಬಿಡುಗಡೆ ಸಿಕ್ಕಿತಲ್ಲ ಅಂದ ಸಹೋದ್ಯೋಗಿಯ ಜೊತೆ ಮಾತೇ ಬಿಟ್ಟೆ. ಬಿಡುಗಡೆಯಂತೆ. ಬೆಳಗ್ಗೆ ಎದ್ದರೆ ಕೈ ತಾನೇ ಬಾಟಲಿಗೆ ಹೋಗುತ್ತಿತ್ತು. ಗೀರಿನವರೆಗೆ ತುಂಬಿ, ಆಮೇಲೆ ನೆನಪಾಗಿ, ಹಾಗೇ ನಿಲ್ಲುತ್ತಿದ್ದೆ. ಮಂಗಳವಾರ ಮೊದಲ ಬಸ್ಸಿನ ಹಾರ್ನ್ ಕೇಳಿದರೆ ಎದ್ದು ಬಾಗಿಲವರೆಗೆ ಹೋಗುತ್ತಿದ್ದೆ. ಒಂದು ಸಲ ಸುಮ್ಮನೆ ಹತ್ತಿ ರಾಮನಗರಕ್ಕೆ ಹೋಗಿ ಆ ಬೆಂಚಿನ ಮೇಲೆ ಕೂತೆ. ನೂಲಿನ ಮನೆಯವಳು ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಪಕ್ಷ ಬಂತು. ಸತ್ತವರಿಗೆ ಎಡೆ ಇಡುವ ಹಬ್ಬ. ಅವನ ಮೊದಲ ಎಡೆ. ಮಾಗಡಿಯಿಂದ ಮಗಳು ಬಂದಳು. "ಅತ್ತೇನ ಕರೀಲೇಬೇಕಮ್ಮ, ಮನೆ ಮಗಳು ಇಲ್ದೆ ಎಡೆ ಇಡ್ತಾರಾ?" ಅಂದಳು. ಕರೆಸು ಅಂದೆ. ಆರು ತಿಂಗಳು ಕಾದದ್ದು ಇದಕ್ಕೇ ತಾನೆ.

ನಮ್ಮಲ್ಲಿ ಎಡೆಗೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು. ಮಟನ್ ಸಾರು, ಮುದ್ದೆ, ಕಜ್ಜಾಯ, ವಡೆ, ಹಪ್ಪಳ, ಆಲೂಗಡ್ಡೆ ಪಲ್ಯ, ಟೊಮೇಟೊ ಗೊಜ್ಜು, ಬಾಳೆಹಣ್ಣು, ಉಪ್ಪಿನಕಾಯಿ, ಹೊಸ ಪಂಚೆ, ಒಂದು ಕಟ್ಟು ಬೀಡಿ. ಬಡಿಸಿ ಎದ್ದು ನಿಂತು ನೋಡಿದರೆ ನನ್ನ ಚೀಟಿಯೇ ಎಲೆಯ ಮೇಲೆ ಕೂತಿತ್ತು. ಏನೇನು ಬೇಡ ಅಂತ ಬರೆದಿದ್ದೆನೋ ಅಷ್ಟೂ. ನಾದಿನಿ ಚೀಲದಿಂದ ಎಳನೀರು ತೆಗೆದು, ಮೂರೇ ಏಟಿಗೆ ಕೆತ್ತಿ, ಎಲೆಯ ಪಕ್ಕ ಇಟ್ಟಳು. ಫೋಟೋದ ಮುಂದೆ ಬಗ್ಗಿ "ಕುಡಿಯಣ್ಣಯ್ಯ" ಅಂದಳು.

ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು, ಎಲ್ಲರೂ ಹೊರಗೆ ಜಗಲಿಯ ಮೇಲೆ ಕೂತೆವು. ಸತ್ತವರು ಬಂದು ಉಣ್ಣುವ ಹೊತ್ತು ಅದು. ಒಳಗೆ ಯಾರೂ ಇರಬಾರದು. ಸ್ವಲ್ಪ ಹೊತ್ತಾದ ಮೇಲೆ ಮೂರು ಸಲ ಬಾಗಿಲು ಬಡಿದು ಒಳಗೆ ಹೋಗಬೇಕು, ನಮ್ಮ ಮನೆಯಲ್ಲಿ ಬಡಿಯುವುದು ಹೆಂಡತಿ. ಊರ ಹೆಂಗಸರು ನಾಲ್ಕು ಜನ ಇದ್ದರು, ಮಗಳಿದ್ದಳು. ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಸಿಗುವುದಿಲ್ಲ ಅಂತ ನಾನು ಗಂಟಲು ಸರಿಮಾಡಿಕೊಂಡೆ.

ನಾದಿನಿ ನನ್ನ ಪಕ್ಕಕ್ಕೆ ಜರುಗಿದಳು. ಇಳಿದುಹೋಗಿದ್ದಳು. ಕೈಬಳೆ ಮೊಣಕೈವರೆಗೂ ಜಾರುತ್ತಿದ್ದವು.

"ಅತ್ಗೆ, ಒಂದ್ ಮಾತು ಕೇಳ್ಲಾ? ಬಯ್ಬೇಡಿ."

ನಾನು ಅವಳ ಕಡೆ ತಿರುಗಿದೆ. ಮಾತು ನಾಲಿಗೆಯ ತುದಿಯಲ್ಲಿತ್ತು.

"ಅವತ್ತು ನಾಕು ತಂದಿದ್ದೆ. ಒಂದು ಬಸ್ನಲ್ಲಿ ಬಿದ್ದು ಒಡ್ದೋಯ್ತು. ಒಂದು ಅಣ್ಣಯ್ಯಂಗೆ ಕೆತ್ಕೊಟ್ಟೆ. ಇನ್ನೆರಡು ನಿಮ್ಗೆ ಅಂತ ಅಡುಗೆಮನೆ ಬಾಗ್ಲ ಹಿಂದ್ಗಡೆ ಇಟ್ಟಿದ್ದೆ. ಬಿಸ್ಲಲ್ಲಿ ಕನಕಪುರ್ದಿಂದ ಬತ್ತೀರಲ್ಲ, ಒಸಿ ತಂಪಾಗ್ಲಿ ಅಂತ. ಫೋನಲ್ಲಿ ಹಂಗೆಲ್ಲ ಅಂದ್ಬುಟ್ಟಿದ್ನಲ್ಲ, ನಂಗೂ ಸಂಕ್ಟ ಆಯ್ತಿತ್ತು. ಇವೆರಡು ಅತ್ಗೇದು, ನೀನು ಮುಟ್ಬೇಡ ಅಂತ ಅಣ್ಣಯ್ಯಂಗೂ ಹೇಳಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ ಬಾವಿ ಪಕ್ಕದ ಮರದ್ದು. ಕುಡುದ್ರಾ ಅತ್ಗೆ?"

ಎರಡು ಬುರುಡೆ ಕಣ್ಣ ಮುಂದೆ ಬಂದವು. ಕಚ್ಚುಕಚ್ಚಾದ, ನಾರು ಎದ್ದ ಎರಡು ಬುರುಡೆ. ಮಕ್ಕಳು ಕಡಿದದ್ದಲ್ಲ. ಎಡಗೈಯಲ್ಲಿ ಗಟ್ಟಿಯಾಗಿ ಹಿಡಿಯಲಾರದವನು ಬಲಗೈಯೊಂದರಲ್ಲೇ ಕಡಿದದ್ದು. ತಂಗಿ ಬಸ್ಸಿಗೆ ಹೋದ ಮೇಲೆ ಮಂಚದಿಂದ ಎದ್ದು, ಮಚ್ಚು ಹುಡುಕಿ, ಕಲ್ಲಿನ ಮೇಲಿಟ್ಟು ಒಂದೊಂದಾಗಿ ಕಡಿದು ಕುಡಿದು, ಬುರುಡೆಗಳನ್ನೆಲ್ಲ ಕಡ್ಡಿಯ ಕೆಳಗೆ ಮುಚ್ಚಿಟ್ಟು, ಬಂದು ಗೋಡೆಗೆ ಒರಗಿ ಕೂತಿದ್ದ. ಪಕ್ಕದ ಹಾಸಿಗೆಯವರಿಗೆ ಪಾಠ ಹೇಳಿದವನು. ಚೀಟಿ ಬಾಯಿಪಾಠ ಇದ್ದವನು. ನಾನು ಹೊಗಳಿದಾಗ ತಲೆ ಆಡಿಸಿದವನು.

ಸಾಯಬೇಕು ಅಂತ ಕುಡಿದನೋ, ಬಾಯಾರಿಕೆ ತಡೆಯಲಾರದೆ ಕುಡಿದನೋ ನನಗೆ ಗೊತ್ತಿಲ್ಲ. ಯಾವತ್ತೂ ಗೊತ್ತಾಗುವುದಿಲ್ಲ. ನನ್ನ ಕೈಯಿಂದ ತಪ್ಪಿಸಿಕೊಂಡರೆ ಸಾಕು ಅನ್ನಿಸಿತ್ತೋ ಏನೋ. ಅದನ್ನೂ ಬಾಯಿಬಿಟ್ಟು ಹೇಳಲಿಲ್ಲ ಪಾಪಿ. ಎರಡೂವರೆ ವರ್ಷ ಇವನ ಜೊತೆ ನಾನೂ ಬಾಯಿ ಕಟ್ಟಿದ್ದೆ. ಕೊನೆಗೆ ನನ್ನ ಪಾಲಿನದನ್ನೂ ಕುಡಿದು ಹೋದ.

ಆ ಮಾತು ಇನ್ನೂ ನಾಲಿಗೆಯ ಮೇಲೆಯೇ ಇತ್ತು. ಈಗ ಹೇಳಿದರೆ ಅರ್ಧ ಹೇಳಿ ನಿಲ್ಲಿಸುವ ಹಾಗಿಲ್ಲ. ಮೊದಲನೆಯದು ಅವಳದು, ಇನ್ನೆರಡು ಅವನದು, ಫೋನಿನ ಸಿಟ್ಟಿಗೆ ಅವಳಿಗೆ ಒಂದು ಮಾತು ಹೇಳದೆ ಬಿಟ್ಟದ್ದು ನನ್ನದು. ಇಷ್ಟೂ ಹೇಳಬೇಕು. ಐದು ಜೊತೆ ಕಣ್ಣು ನಮ್ಮನ್ನೇ ನೋಡುತ್ತಿದ್ದವು. ಅವಳು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು.

"ಕುಡ್ದೆ ಕಣಮ್ಮಿ" ಅಂದೆ.

"ಎರಡೂವಾ?"

"ಎರಡೂ."

"ಸಿಹಿ ಇದ್ವಾ?"

"ಊಂ. ಸಿಹಿ ಇದ್ವು."

ಅವಳು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಅತ್ತಳು. ಹೊತ್ತಾಯ್ತು, ಬಾಗ್ಲು ಬಡೀರಿ ಅಂತ ಹೆಂಗಸರು ಯಾರೋ ಅಂದರು. ಎದ್ದು ಹೋಗಿ ಬಡಿದೆ. ಮೂರು ಸಲ ಬಡಿಯಬೇಕು ಅನ್ನುವುದು ಪದ್ಧತಿ. ನಾನು ಎಷ್ಟು ಸಲ ಬಡಿದೆನೋ ಗೊತ್ತಿಲ್ಲ, ಮಗಳು ಓಡಿಬಂದು ಎರಡೂ ಕೈ ಹಿಡಿದುಕೊಂಡಳು.